ಘಟ್ಟ ಇಳಿಯುವಷ್ಟರಲ್ಲಿ ಏರಿಸಲು ಪುಡಿ ರಕ್ತ ಸಿಗುತ್ತಾ?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರ): ಮೇಡಂ, ಹೋದ ವರ್ಷ ಅಡಿಕೆ ಕೊನೆ ಕೊಯ್ಲಿನಲ್ಲಿ ಮರ ಹತ್ತುವ ನಮ್ಮ ಕೊನೆಗೌಡ ಮರದಿಂದ ಬಿದ್ದ. ತೊಡೆ ಮೂಳೆ ಮುರಿದು ಚರ್ಮ ಸೀಳಿತ್ತು, ಉಟ್ಟ ಲುಂಗಿ ಪೂರ್ತಿ ರಕ್ತ. ದೇವಿಮನೆ ಘಟ್ಟ ಇಳಿಯುವವರೆಗೂ ಸಲೈನ್ ಒಂದೇ ಗತಿ. ಪುಣ್ಯಕ್ಕೆ ಬದುಕಿದ. ಈಗ ಪುಡಿ ರಕ್ತ ಬಂದಿದೆಯಂತೆ, ನೀರಲ್ಲಿ ಕಲಸಿ ಏರಿಸಬಹುದಂತೆ. ನಮ್ಮ ಆಂಬುಲೆನ್ಸಿಗೆ ಸಿಗುತ್ತಾ?

ಉತ್ತರ (ಬ್ಲಡ್ ಬ್ಯಾಂಕ್ ಡಾಕ್ಟರ್, ಕಾರವಾರ): ಸದ್ಯಕ್ಕೆ ಇಲ್ಲ. ಅದು ಇನ್ನೂ ಪ್ರಯೋಗದಲ್ಲೇ ಇದೆ. ಆದರೆ ನಿಮ್ಮಂಥ ಕಡೆಗೇ ಬೇಕಾದ ವಸ್ತು.

ತೊಡೆ ಮೂಳೆ ಮುರಿದರೆ ಒಳಗೊಳಗೇ ಒಂದು ಲೀಟರ್ ರಕ್ತ ಸೋರಬಹುದು. ಸಲೈನ್ ರಕ್ತನಾಳ ತುಂಬಿಸುತ್ತದೆ ಅಷ್ಟೇ, ಆಮ್ಲಜನಕ ಹೊರುವುದಿಲ್ಲ. ಜಾಸ್ತಿ ಹಾಕಿದರೆ ಉಳಿದ ರಕ್ತವೂ ತೆಳ್ಳಗಾಗಿ ಹೆಪ್ಪುಗಟ್ಟುವುದು ಕಷ್ಟ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್ ತಾನೇ, ಕೆಂಪುಕಣದಿಂದ ಅದನ್ನಷ್ಟೇ ತೆಗೆದು ಕೊಟ್ಟರೆ ಸಾಕಲ್ವಾ ಎಂದು ವಿಜ್ಞಾನಿಗಳು ಹೊರಟರು. ರಕ್ತದ ಗುಂಪಿನ ಗುರುತು ಇರುವುದು ಕಣದ ಹೊರಪದರದಲ್ಲಿ. ಕಣವೇ ಇಲ್ಲ ಎಂದ ಮೇಲೆ ಗುಂಪು ನೋಡುವ ತಾಪತ್ರಯವೂ ಇಲ್ಲ.

ಎಡವಿದ್ದು ಅಲ್ಲೇ. ಕಣದೊಳಗೆ ಸಾಧುವಾಗಿರುವ ಹಿಮೋಗ್ಲೋಬಿನ್ ಹೊರಗೆ ಬಂದರೆ ನೈಟ್ರಿಕ್ ಆಕ್ಸೈಡನ್ನು ನುಂಗಿಬಿಡುತ್ತದೆ. ರಕ್ತನಾಳವನ್ನು ಸಡಿಲವಾಗಿ ಇಡುವುದು ಈ ನೈಟ್ರಿಕ್ ಆಕ್ಸೈಡೇ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಇಂಥ ಐದು ಉತ್ಪನ್ನಗಳ 16 ಪ್ರಯೋಗಗಳನ್ನು 2008ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ ಹೃದಯಾಘಾತವೂ ಸಾವೂ ಜಾಸ್ತಿ ಕಂಡವು. ದಕ್ಷಿಣ ಆಫ್ರಿಕಾ ಮಾತ್ರ ಹಿಮೋಪ್ಯೂರ್ ಎಂಬುದಕ್ಕೆ 2001ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಅದು ದನದ ರಕ್ತದಿಂದ ತೆಗೆದದ್ದು.

ಕುಮಟಾದಿಂದ ಒಬ್ಬರು: ಅಯ್ಯೋ, ದನದ್ದಾ! ಈಗಿನ ಪುಡಿಯೂ ಅದೇನಾ?

ಡಾಕ್ಟರ್: ಗಾಬರಿ ಬೇಡ, ಮನುಷ್ಯರದ್ದೇ. ಈಗ ಹಿಮೋಗ್ಲೋಬಿನ್ನನ್ನು ಕೊಬ್ಬಿನ ಸಣ್ಣ ಚೀಲದೊಳಗೆ ಮತ್ತೆ ತುಂಬಿಸುತ್ತಿದ್ದಾರೆ. ಅಮೆರಿಕದ ಎರಿಥ್ರೋಮರ್ ಪುಡಿ ಆ ಜಾತಿಯದ್ದು. ಜಪಾನಿನವರು ದಾನಿಗಳ ಅವಧಿ ಮುಗಿದ ರಕ್ತದಿಂದಲೇ ಇಂಥ ಚೀಲಗಳನ್ನು ಮಾಡಿ, ಆರೋಗ್ಯವಂತರಿಗೆ 100 ಮಿ.ಲೀ.ವರೆಗೆ ಕೊಟ್ಟು ನೋಡಿದ್ದಾರೆ. ನನಗೆ ಇದು ಬಹಳ ಹಿಡಿಸಿತು. ನಮ್ಮ ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿಯಲ್ಲಿಟ್ಟ ಕೆಂಪುಕಣದ ಬ್ಯಾಗು 42 ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ. ತಾರೀಖು ದಾಟಿದ ಬ್ಯಾಗು ಎಸೆಯುವಾಗ ಹೊಟ್ಟೆ ಉರಿಯುತ್ತದೆ.

ಬೆಳೆಗಾರ: ಹಾಗಾದರೆ ಮುಂದೆ ರಕ್ತದಾನ ಬೇಡವಾ?

ಡಾಕ್ಟರ್: ಮೂಲ ಸಾಮಾನೇ ದಾನಿಗಳದ್ದಲ್ವಾ! ಅಲ್ಲದೆ ಇದರಲ್ಲಿ ಪ್ಲೇಟ್‌ಲೆಟ್ ಇಲ್ಲ, ಗಾಯ ಹೆಪ್ಪುಗಟ್ಟಿಸುವುದಿಲ್ಲ. ಮೈಯಲ್ಲಿ ಬಹಳ ದಿನ ನಿಲ್ಲುವುದೂ ಇಲ್ಲ. ಆಸ್ಪತ್ರೆ ಮುಟ್ಟುವವರೆಗಿನ ದಾರಿಗೆ ಮಾತ್ರ. ಈಗಂತೂ ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಸುಮ್ನೆ ತೆಗೆದು ತೆಗೆದು ನೋಡಬೇಡಿ. ಕಾಲು ಅಲುಗದಂತೆ ದಬ್ಬೆ ಕಟ್ಟಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಮೂರು ಗಂಟೆಯೊಳಗೆ ಬಿದ್ದರೆ ಉಪಯೋಗ. ಆಸ್ಪತ್ರೆಗೂ ಮೊದಲೇ ಫೋನ್ ಮಾಡಿ.

ಬೆಳೆಗಾರ: ಘಟ್ಟದಲ್ಲಿ ನೆಟ್‌ವರ್ಕ್ ಎಲ್ಲಿ ಮೇಡಂ?

ಡಾಕ್ಟರ್: ತೋಟದಿಂದ ಹೊರಡುವಾಗಲೇ ಮಾಡಿ. ಗುಂಪು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. "ಜಾಸ್ತಿ ರಕ್ತ ಹೋಗಿದೆ" ಎಂದರೆ ಸಾಕು, ನೀವು ಬರುವಷ್ಟರಲ್ಲಿ ಓ ಗುಂಪಿನ ಬ್ಯಾಗು ಹೊರಗಿಟ್ಟಿರುತ್ತಾರೆ.