ಅಪ್‌ಡೇಟ್: ಚೆಂಡು ಕೊನೆಗೂ ಪುಟಿಯಿತು!

ಹೋದ ವಾರ ಕೇಳಿದ್ದೆನಲ್ಲ, ಪೆನ್ಸಿಲ್ ಟೂಡಿ ಅನ್ನೋ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಬರೆದ ಚೆಂಡು ಪುಟಿಯದೆ ಲಿಫ್ಟಿನ ಹಾಗೆ ಹತ್ತಿ ಇಳಿಯುತ್ತದೆ ಅಂತ? ಸರಿಹೋಯಿತು. ತಪ್ಪು ನನ್ನದೇ. ಪ್ರತಿ ಫ್ರೇಮಿನಲ್ಲೂ, ಅಂದರೆ ಒಂದೊಂದು ಚಿತ್ರದಲ್ಲೂ, ಚೆಂಡನ್ನು ಒಂದೇ ಅಳತೆಗೆ ಸರಿಸುತ್ತಿದ್ದೆ. ನೀವು ಹೇಳಿದಂತೆ ಆನಿಯನ್ ಸ್ಕಿನ್ ಆನ್ ಮಾಡಿದೆ. ಹಿಂದಿನ ಚಿತ್ರ ಮಸುಕಾಗಿ ಕಂಡಿತು, ಅಂತರ ನೋಡಿಕೊಂಡು ಬರೆಯೋದು ಸುಲಭವಾಯಿತು. ಈಗ ಮೇಲ್ಗಡೆ ಚೆಂಡುಗಳು ಒತ್ತೊತ್ತಾಗಿವೆ, ನೆಲದ ಹತ್ತಿರ ದೂರ ದೂರ. ನೆಲ ಮುಟ್ಟುವ ಒಂದೇ ಫ್ರೇಮಿನಲ್ಲಿ ಇಡ್ಲಿಯ ಹಾಗೆ ಚಪ್ಪಟೆ.

ಸೆಕೆಂಡಿಗೆ 24 ಬಿಟ್ಟು 12 ಫ್ರೇಮ್ ಇಟ್ಟೆ, ಕೆಲಸ ಅರ್ಧಕ್ಕರ್ಧ ಕಮ್ಮಿ. ಆದರೂ 2 ಸೆಕೆಂಡಿಗೆ 24 ಚಿತ್ರ, ಅದೂ ಮೌಸಿನಲ್ಲಿ! ಮಣಿಕಟ್ಟು ನೋವು ಜಾಸ್ತಿಯೇ ಇದೆ.

ಮಗಳು ನೋಡಿ "ಬಾಲಿಗೆ ಕಣ್ಣು ಯಾಕಿಲ್ಲ?" ಅಂದಳು. ಕಣ್ಣನ್ನು ಬೇರೆ ಲೇಯರಿನಲ್ಲಿ (ಮೇಲೆ ಇಟ್ಟ ಪಾರದರ್ಶಕ ಹಾಳೆಯ ಹಾಗೆ) ಬರೆಯುತ್ತೇನೆ, ಚೆಂಡು ಕೆಡಬಾರದಲ್ವಾ.