ಕ್ವಾಂಟಮ್ ಮ್ಯಾಟರ್, ಆಪ್ಟಿಕ್ಸ್‌ನಲ್ಲಿ ಎಂ.ಎಸ್ಸಿ: ಓದಿದವರು ಅನುಭವ ಹೇಳ್ತೀರಾ?

ಪ್ರಶ್ನೆ: ಫಿಸಿಕ್ಸ್ ಡಿಗ್ರಿ ಮುಗಿಯುತ್ತಾ ಬಂತು. ಮುಂದೆ ಕ್ವಾಂಟಮ್ ಮ್ಯಾಟರ್ (ಕ್ವಾಂಟಮ್ ನಿಯಮದಂತೆ ಒಟ್ಟಾಗಿ ನಡೆದುಕೊಳ್ಳುವ ಕಣಗಳ ವಿಷಯ) ಮತ್ತು ಆಪ್ಟಿಕ್ಸ್ (ಬೆಳಕಿನ ವಿಷಯ) ತಗೊಳ್ಳುವ ಆಸೆ. ಥಿಯರಿ ಇಷ್ಟ, ಲ್ಯಾಬ್ ಅಂದ್ರೆ ಸ್ವಲ್ಪ ಭಯ. ಸೇರುವ ಮುಂಚೆ ಏನು ಓದಿಕೊಂಡಿರಬೇಕು? ಒಳಗೆ ಹೋದ ಮೇಲೆ ನಿಜವಾಗಿ ಕಷ್ಟ ಆಗೋದು ಯಾವುದು?

ಥಿಯರಿ ಕಡೆಯಿಂದ: ಹೆಸರು ನೋಡಿ ಇವೆರಡೂ ಬೇರೆ ಬೇರೆ ವಿಷಯ ಅಂದುಕೊಳ್ಳಬೇಡಿ. ಹಾರ್ಮೋನಿಕ್ ಆಸಿಲೇಟರ್‌ನ ಶಕ್ತಿಯನ್ನು ಒಂದು ಮೆಟ್ಟಿಲು ಏರಿಸುವ, ಇಳಿಸುವ ಆಪರೇಟರ್‌ಗಳು ನೆನಪಿವೆ ಅಲ್ವಾ? ಆಪ್ಟಿಕ್ಸ್ ಕ್ಲಾಸಿನಲ್ಲಿ ಅವೇ ಒಂದು ಫೋಟಾನ್ ಸೇರಿಸುತ್ತವೆ, ತೆಗೆಯುತ್ತವೆ. ಪಕ್ಕದ ಕ್ಲಾಸಿಗೆ ಹೋದರೆ ಹರಳಿನ ಕಂಪನಕ್ಕೂ ಅವೇ, ಫೋನಾನ್ ಅಂತ ಹೆಸರು ಅಷ್ಟೇ. ಎಲೆಕ್ಟ್ರಾನ್‌ಗೆ ಬಂದಾಗ ಕಮ್ಯುಟೇಟರ್ (AB − BA) ಜಾಗದಲ್ಲಿ ಆಂಟಿಕಮ್ಯುಟೇಟರ್ (AB + BA) ಬರುತ್ತದೆ. ಹಾಗಾಗಿ ಸೆಕೆಂಡ್ ಕ್ವಾಂಟೈಸೇಷನ್, ಅಂದರೆ ಎಲ್ಲವನ್ನೂ ಈ ಆಪರೇಟರ್‌ಗಳಲ್ಲೇ ಬರೆಯುವ ವಿಧಾನ, ಇದೊಂದನ್ನು ಈಗಲೇ ಕೈಗೆ ಹತ್ತಿಸಿಕೊಳ್ಳಿ.

ಸುಮ್ನೆ ಓದಿದರೆ ಹತ್ತಲ್ಲ, ಲೆಕ್ಕ ಮಾಡಬೇಕು. ಎರಡು ಸೈಟ್, ಎರಡು ಬೋಸಾನ್ ಇಟ್ಟುಕೊಂಡು ಹಬ್ಬರ್ಡ್ ಮಾಡೆಲ್ (ಕಣಗಳು ಸೈಟ್‌ನಿಂದ ಸೈಟ್‌ಗೆ ಜಿಗಿಯುತ್ತವೆ, ಒಂದೇ ಸೈಟ್‌ನಲ್ಲಿ ಸೇರಿದರೆ ಒಂದನ್ನೊಂದು ತಳ್ಳುತ್ತವೆ) ಬರೆಯಿರಿ. ಇರುವುದು ಮೂರೇ ಸ್ಥಿತಿ, 3×3 ಮ್ಯಾಟ್ರಿಕ್ಸ್. ಕಣಗಳು ಒಂದನ್ನೊಂದು ತಳ್ಳದಿದ್ದರೆ, ಗ್ರೌಂಡ್ ಸ್ಟೇಟ್‌ನಲ್ಲಿ ಒಂದೊಂದು ಸೈಟ್‌ನಲ್ಲಿ ಒಂದೊಂದು ಕಣ ಇರುವ ಸಾಧ್ಯತೆ ಸರಿಯಾಗಿ ಅರ್ಧ. ತಳ್ಳುವ ಬಲ ಹೆಚ್ಚಿಸುತ್ತಾ ಹೋಗಿ, ಅದು 1ರ ಹತ್ತಿರ ಬರುತ್ತದೆ. 2002ರಲ್ಲಿ ಲೇಸರ್ ಜಾಲರಿಯಲ್ಲಿ ರುಬಿಡಿಯಮ್ ಪರಮಾಣುಗಳನ್ನು ಕೂರಿಸಿ, ಸೂಪರ್‌ಫ್ಲೂಯಿಡ್ (ಪರಮಾಣುಗಳು ಜಾಲರಿ ತುಂಬ ಹರಡಿ ಹರಿಯುವ ಸ್ಥಿತಿ) ಮಾಟ್ ಇನ್ಸುಲೇಟರ್ (ಪ್ರತಿ ಸೈಟ್‌ನಲ್ಲೂ ಕಟ್ಟಿಬಿದ್ದ ಸ್ಥಿತಿ) ಆಗುವುದನ್ನು ತೋರಿಸಿದರಲ್ಲ, ಅದರ ಬೀಜ ಈ ಪುಟ್ಟ ಲೆಕ್ಕದಲ್ಲೇ ಇದೆ.

ಲ್ಯಾಬ್ ಕಡೆಯಿಂದ: ಭಯದ ವಿಷಯಕ್ಕೆ ಬರ್ತೀನಿ. ಶುರುವಿನಲ್ಲಿ ಕ್ವಾಂಟಮ್ ಅನ್ನುವಂಥದ್ದು ಏನೂ ಕಾಣಲ್ಲ. ಕಾಣೋದು ಕನ್ನಡಿ, ಸ್ಕ್ರೂ, ಫೈಬರ್. ರುಬಿಡಿಯಮ್‌ಗೆ ಬೇಕಾದ 780 ನ್ಯಾನೋಮೀಟರ್ ಲೇಸರ್ ಬೆಳಕನ್ನು ಸಿಂಗಲ್ ಮೋಡ್ ಫೈಬರ್ (ಬೆಳಕನ್ನು ಒಂದೇ ಆಕಾರದಲ್ಲಿ ಸಾಗಿಸುವ ಗಾಜಿನ ಎಳೆ) ಒಳಗೆ ಹಾಕಬೇಕು. ಅದರ ಕೋರ್, ಅಂದರೆ ಬೆಳಕು ಸಾಗುವ ನಡುಭಾಗ, ಸುಮಾರು 5 ಮೈಕ್ರಾನ್. ಎರಡು ಕನ್ನಡಿ, ನಾಲ್ಕು ಸ್ಕ್ರೂ ನಿಮ್ಮ ಕೈಯಲ್ಲಿ. ಫೈಬರ್‌ಗೆ ದೂರದ ಕನ್ನಡಿಯ ಒಂದು ಸ್ಕ್ರೂ ತಿರುಗಿಸಿ ಪವರ್ ಸ್ವಲ್ಪ ಇಳಿಸಿ. ಆಮೇಲೆ ಹತ್ತಿರದ ಕನ್ನಡಿಯ ಅದೇ ದಿಕ್ಕಿನ ಸ್ಕ್ರೂನಿಂದ ಮೇಲೆ ತನ್ನಿ. ಮೊದಲಿಗಿಂತ ಜಾಸ್ತಿ ಬಂತಾ, ಅದೇ ಕಡೆ ಮುಂದುವರಿಸಿ. ಕಡಿಮೆಯಾಯ್ತಾ, ಉಲ್ಟಾ ತಿರುಗಿಸಿ. ಅಡ್ಡ ದಿಕ್ಕು ಮುಗಿಯುವ ತನಕ ಮೇಲೆ-ಕೆಳಗಿನ ದಿಕ್ಕು ಮುಟ್ಟಬೇಡಿ. ಇದಕ್ಕೆ ಬುದ್ಧಿವಂತಿಕೆ ಬೇಡ, ತಾಳ್ಮೆ ಇದ್ದರೆ ಸಾಕು.

ಭಯ ಪಡಬೇಕಾದ್ದು ಬೇರೆ ಕಡೆ. 780 ಕಣ್ಣಿಗೆ ಮಂಕು ಕೆಂಪಾಗಿ, ಕಂಡೂ ಕಾಣದ ಹಾಗೆ ಇರುತ್ತದೆ. ಮಂಕು ಅಂತ ಉದಾಸೀನ ಮಾಡಿದರೆ ರೆಟಿನಾ ಸುಡುತ್ತದೆ. ಸರಿಯಾದ ಗಾಗಲ್ ಹಾಕಿ, ಉಂಗುರ, ವಾಚ್ ತೆಗೆದಿಡಿ, ಬೀಮ್ ಎತ್ತರಕ್ಕೆ ಕಣ್ಣು ತರಬೇಡಿ.

ಇನ್ನೊಬ್ಬರು: ಮೇಲಿನ ಇಬ್ಬರೂ ಕೋಡಿಂಗ್ ಬಿಟ್ಟರು. ಪೈಥಾನ್ ಕಲಿತಿರಿ, ಕ್ವಾಂಟಮ್ ಲೆಕ್ಕಗಳಿಗೇ ಇರುವ ಕ್ಯೂಟಿಪ್ (QuTiP) ಲೈಬ್ರರಿ ಬಳಸಿ ಒಂದು ಜೇನ್ಸ್-ಕಮಿಂಗ್ಸ್ ಲೆಕ್ಕ (ಎರಡೇ ಶಕ್ತಿಮಟ್ಟದ ಒಂದು ಪರಮಾಣು ಬೆಳಕಿನ ಒಂದು ಮೋಡ್ ಜೊತೆ ಸೇರುವ ಮಾಡೆಲ್) ಮಾಡಿ. ಫೋಟಾನ್ ಸ್ಥಿತಿಗಳು ಅನಂತ, ಕಂಪ್ಯೂಟರಿನಲ್ಲಿ ಅವನ್ನು ಎಲ್ಲಿಗೆ ಕತ್ತರಿಸಬೇಕು ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಸರಾಸರಿ 10 ಫೋಟಾನ್ ಇರುವ ಕೊಹೆರೆಂಟ್ ಸ್ಟೇಟ್ (ಲೇಸರ್ ಬೆಳಕಿನಂಥ ಸ್ಥಿತಿ) ಆಚೀಚೆ 3ರಷ್ಟು ಹರಡಿರುತ್ತದೆ. 12ಕ್ಕೇ ನಿಲ್ಲಿಸಿದರೆ ಉತ್ತರ ಬರುತ್ತದೆ, ಆದರೆ ತಪ್ಪು. 30 ಇಡಿ. ಆಮೇಲೆ 40 ಇಟ್ಟು, ಉತ್ತರ ಬದಲಾಗಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಲ್ಯಾಬ್ ಕಡೆಯಿಂದ, ಮತ್ತೆ: ಹೌದು, ಇನ್ನೊಂದು ಬಿಟ್ಟುಹೋಯ್ತು. ಥೀಸಿಸ್‌ಗೆ ಗುಂಪು ಆರಿಸುವಾಗ ಪ್ರೊಫೆಸರ್ ಜೊತೆ ಮಾತಾಡಿದರೆ ಸಾಲದು, ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೇಳಿ: ಮಷೀನ್ ಈಗ ನಡೀತಿದೆಯಾ? ವ್ಯಾಕ್ಯೂಮ್ ಚೇಂಬರ್ ತೆರೆದಿದ್ದರೆ ಮತ್ತೆ ಮುಚ್ಚಿ, ಬಿಸಿ ಮಾಡಿ, ಒಳಗಿನ ನೀರಿನ ಅಂಶ ಹೊರಗೆ ತೆಗೆಯುವುದಕ್ಕೇ ವಾರಗಟ್ಟಲೆ ಹೋಗುತ್ತದೆ. ನಂತರ ಒಂದು ಸಣ್ಣ ಲೀಕ್ ಸಿಕ್ಕರೆ ಮೊದಲಿನಿಂದ ಶುರು. ಕಟ್ಟುವ ಕೆಲಸ ಇಷ್ಟ ಇದ್ದವರಿಗೆ ಅದೂ ಚೆನ್ನಾಗಿಯೇ ಇರುತ್ತದೆ. ಡೇಟಾ ಬೇಕು ಅನ್ನುವವರು ಓಡುತ್ತಿರುವ ಮಷೀನ್ ಹಿಡಿಯಿರಿ.