ಹೊರದೇಶದಲ್ಲಿ ಅಮೆರಿಕದ ಕೆಂಪು ವೈನ್ ಆರಿಸೋದು ಹೇಗೆ? ಕೇಳಿ

ವೈನ್ ಅಂಗಡಿಯವ: ಲಂಡನ್‌ನಲ್ಲಿ ವೈನ್ ಖರೀದಿ ನೋಡಿಕೊಳ್ಳುವುದು ನನ್ನ ಕೆಲಸ. ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಶಿರಸಿ ಹುಡುಗ: 20 ಪೌಂಡ್ ಒಳಗೆ ಯಾವುದು ತಗೊಳ್ಳಲಿ?

ವೈನ್ ಅಂಗಡಿಯವ: ಆ ದುಡ್ಡಿಗೆ ನಾಪಾ ಬಿಟ್ಟುಬಿಡಿ, ಅದು ಕ್ಯಾಲಿಫೋರ್ನಿಯಾದ ದುಬಾರಿ ವೈನ್ ಸೀಮೆ. ಅದೇ ರಾಜ್ಯದ ಲೋಡೈ ಕಡೆಯ ಜಿನ್‌ಫಂಡೆಲ್ ಅಥವಾ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ವ್ಯಾಲಿಯ ಮರ್ಲೋ ನೋಡಿ. ಎರಡೂ ದ್ರಾಕ್ಷಿ ತಳಿಯ ಹೆಸರು.

ತುಮಕೂರಿನವಳು: ‘ರಿಸರ್ವ್’ ಅಂತ ಬಾಟಲಿ ಮೇಲೆ ಬರೆದಿದ್ದರೆ ಒಳ್ಳೆಯದಾ?

ವೈನ್ ಅಂಗಡಿಯವ: ಅಮೆರಿಕದ ಕೇಂದ್ರ ಕಾನೂನಿನಲ್ಲಿ ಆ ಮಾತಿಗೆ ಬೆಲೆಯೇ ಇಲ್ಲ. ಊರಿನ ಹೆಸರು ನೋಡಿ. ‘ನಾಪಾ ವ್ಯಾಲಿ’ ಅಂತಿದ್ದರೆ 85% ದ್ರಾಕ್ಷಿ ಅಲ್ಲಿಯದೇ ಇರಬೇಕು.

ಸಿಂಗಪುರದಿಂದ: ಇಲ್ಲೊಂದು ಅಂಗಡಿಯಲ್ಲಿ 2020ರ ನಾಪಾ ಕ್ಯಾಬರ್ನೆ ದ್ರಾಕ್ಷಿಯ ಕೆಂಪು ವೈನ್ ಅರ್ಧ ಬೆಲೆಗೆ ಇದೆ. ಕಾರ್ಕ್ ಸ್ವಲ್ಪ ಮೇಲೆದ್ದಿದೆ, ಕತ್ತಿನ ಹತ್ತಿರ ಅಂಟಂಟು. ಆರು ಬಾಟಲಿ ತಗೊಳ್ಳಲಾ?

ವೈನ್ ಅಂಗಡಿಯವ: ದಯವಿಟ್ಟು ನಿಲ್ಲಿ. ಇಲ್ಲಿ ಎರಡು ಅನುಮಾನ. ಕಾರ್ಕ್ ಎದ್ದು ಅಂಟು ಇಳಿದಿದ್ದರೆ ಬಾಟಲಿ ಎಲ್ಲೋ ಬಿಸಿಲಲ್ಲಿ ಬೆಂದಿರಬಹುದು. ಬಿಸಿಗೆ ವೈನ್ ಉಬ್ಬಿ ಕಾರ್ಕನ್ನು ತಳ್ಳುತ್ತದೆ. ಅಂಥದ್ದು ಬೇಯಿಸಿದ ಜಾಮಿನ ಹಾಗೆ ಸಪ್ಪೆ ಸಿಹಿಯಾಗಿರುತ್ತದೆ. ಎರಡನೆಯದು, 2020ರಲ್ಲಿ ನಾಪಾದಲ್ಲಿ ದೊಡ್ಡ ಕಾಡ್ಗಿಚ್ಚು. ಹೊಗೆಯ ಅಂಶ ದ್ರಾಕ್ಷಿಯೊಳಗೆ ಸಕ್ಕರೆ ಜೊತೆ ಅಂಟಿ ಕೂರುತ್ತದೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದರಿಂದ ತೊಂದರೆ ಜಾಸ್ತಿ. ಮೂಗಿಗೆ ಏನೂ ಗೊತ್ತಾಗದೆ, ನುಂಗಿದ ಮೇಲೆ ನಾಲಿಗೆಯ ಹಿಂದೆ ಬೂದಿ ರುಚಿ ಬರಬಹುದು. ಎಷ್ಟೋ ತಯಾರಕರು ಆ ವರ್ಷ ಕೆಂಪು ವೈನೇ ಮಾಡಲಿಲ್ಲ. ಮಾಡಿದವರದ್ದೆಲ್ಲ ಕೆಟ್ಟದ್ದೇನಲ್ಲ, ಬೆಂಕಿಗೆ ಮೊದಲೇ ಕೊಯ್ದವರೂ ಇದ್ದಾರೆ. ಆದರೂ ಈ ಬಾಟಲಿಯನ್ನು ನಾನು ಪುಕ್ಕಟೆ ಕೊಟ್ಟರೂ ಒಲ್ಲೆ. 2019 ಇದೆಯಾ ಕೇಳಿ.

ಹಾಸನದ ಅಂಕಲ್: ಫಾರ್ವರ್ಡ್ ಬಂದಿದೆ. ಬಾಟಲಿ ತಳದ ಗುಳಿ ಆಳ ಇದ್ದಷ್ಟೂ ವೈನ್ ಒಳ್ಳೆಯದಂತೆ. ತಲೆನೋವು ಬರದಿರಲು ಮೊದಲೇ ಪ್ಯಾರಸಿಟಮಾಲ್, ಇಲ್ಲಾ ಗ್ಲಾಸಿಗೆ ಎರಡು ಹನಿ ಪೆರಾಕ್ಸೈಡ್.

ವೈನ್ ಅಂಗಡಿಯವ: ಗುಳಿ ಗಾಜಿನವನ ಕೆಲಸ, ವೈನಿಗೂ ಅದಕ್ಕೂ ಸಂಬಂಧ ಇಲ್ಲ. ಪ್ಯಾರಸಿಟಮಾಲ್ ಮೇಲೆ ಮದ್ಯ ಬಿದ್ದರೆ ಲಿವರಿಗೆ ಪೆಟ್ಟು. ಗಾಯ ತೊಳೆಯುವ ಪೆರಾಕ್ಸೈಡನ್ನು ಕುಡಿಯುವ ಗ್ಲಾಸಿಗೆ ಹಾಕಬೇಡಿ. ಇದನ್ನು ಇನ್ನೊಬ್ಬರಿಗೆ ಕಳಿಸಲೂಬೇಡಿ.

ಬೆಳಗಾವಿ ಅಕ್ಕ: ಇದು ಕನ್ನಡ ಗುಂಪಾ, ಎಣ್ಣೆ ಗುಂಪಾ?

ಶಿರಸಿ ಹುಡುಗ: ಅಕ್ಕ, ನಂದಿ ಬೆಟ್ಟದ ತಪ್ಪಲಲ್ಲೂ ವೈನ್ ಮಾಡ್ತಾರೆ. ಅದೂ ಕನ್ನಡದ್ದೇ.

ಹಾಸನದ ಅಂಕಲ್: ಅದನ್ನೇ ಕುಡೀರಿ, ಅಮೆರಿಕದ್ದು ಯಾಕೆ?

ಶಿರಸಿ ಹುಡುಗ: ಪೆರಾಕ್ಸೈಡ್ ಕುಡಿಸೋಕೆ ಬಂದವರು ಬುದ್ಧಿ ಹೇಳಬೇಡಿ.

ಬೆಳಗಾವಿ ಅಕ್ಕ: ಅಡ್ಮಿನ್ ಎಲ್ಲಿ?

ದುಬೈ ಗೌಡ: 20 ಪೌಂಡ್ ಒಳಗೆ ಯಾವುದು ಒಳ್ಳೆಯದು?

ವೈನ್ ಅಂಗಡಿಯವ: ಮೇಲೆ ಹೇಳಿದೆ.

ದುಬೈ ಗೌಡ: ಬೆಂಗಳೂರಿಗೆ ಮೂರು ಬಾಟಲಿ ತರಬಹುದಾ?

ವೈನ್ ಅಂಗಡಿಯವ: ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಮೂರು ಬಾಟಲಿ ಅಂದರೆ 2.25. ಲೆಕ್ಕ ನೀವೇ ಹಾಕಿ.

ತುಮಕೂರಿನವಳು: ಆರೆಗಾನ್ ರಾಜ್ಯದ ಪಿನೋ ನುವಾರ್ ಕೆಂಪು ವೈನ್ ಬಗ್ಗೆ ಯಾರೂ ಹೇಳಲೇ ಇಲ್ಲ?

ಹಾಸನದ ಅಂಕಲ್: ಗುಳಿ ವಿಷಯ ನನ್ನ ಅಳಿಯ ಹೇಳಿದ್ದು, ಅವನು ಅಮೆರಿಕದಲ್ಲೇ ಇರೋದು.